ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೊಲದಲ್ಲಿ ಯಾರಿರುತ್ತಾರೆ?

ವಿಜಯಪುರ ಜಿಲ್ಲೆಯ ಡೋಣಿ ನದಿಯ ಬಯಲಿನಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಕಪ್ಪು ಎರೆ ನೆಲವೇ ಕಾಣುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ಹಿರಿಯರು ಹೇಳುತ್ತಾ ಬಂದಿರುವ ಈ ಸೀಮೆಯಲ್ಲಿ ಗುಡ್ಡವಿಲ್ಲ, ಕಾಡಿಲ್ಲ. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬೇವಿನ ಮರ, ಹಳ್ಳದ ದಂಡೆಗೆ ಜಾಲಿ ಇದ್ದರೆ ಅದೇ ಹೆಚ್ಚು. ನಾನು ಆಗಾಗ ಹೋಗಿ ನೋಡುವ ಒಂದು ಬೇವಿನ ಮರವಿದೆ. ಅದರ ನೆತ್ತಿಯಿಂದ ಬುಡದವರೆಗೆ ಅಂಗೈ ಅಗಲದ ಒಂದು ಪಟ್ಟಿಯಷ್ಟು ತೊಗಟೆ ಇಲ್ಲ. ಯಾರೋ ಉಳಿ ಹಿಡಿದು ಸೀಳಿದಂತೆ ಆ ಗಾಯ ಕಾಂಡವನ್ನು ತುಸು ಸುತ್ತಿಕೊಂಡು ಕೆಳಗಿಳಿದಿದೆ. ಅಂಚಿನಲ್ಲಿ ಹೊಸ ತೊಗಟೆ ದಪ್ಪಗೆ ಮಡಿಚಿಕೊಂಡು ಬೆಳೆಯುತ್ತಿದೆ, ನಡುವಿನ ಕಟ್ಟಿಗೆ ಒಣಗಿ ಬೂದು ಬಣ್ಣಕ್ಕೆ ತಿರುಗಿದೆ. ಮರ ಬದುಕಿತು. ಕೆಲವು ವರ್ಷಗಳ ಹಿಂದೆ ಭರಣಿ ಮಳೆಯ ಒಂದು ಸಂಜೆ ಅದರ ಕೆಳಗೆ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಬದುಕಲಿಲ್ಲ. ಇನ್ನೊಬ್ಬರಿಗೆ ಒಂದು ಕಿವಿ ಕೇಳಿಸುವುದಿಲ್ಲ, ಮತ್ತು ಆ ದಿನದಿಂದ ತಮಗೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ಅವರು ಹೇಳುತ್ತಾರೆ.

ತೀರಿಹೋದವರ ಹೆಸರು ಸರ್ಕಾರದ ಕಡತದಲ್ಲಿದೆ. ಉಳಿದವರ ಹೆಸರು ಎಲ್ಲಿಯೂ ಇಲ್ಲ. ಒಂದು ಪ್ರದೇಶದ ಜನರಿಗೆ ಸಿಡಿಲಿನಿಂದ ಎಷ್ಟು ಅಪಾಯವಿದೆ ಎಂದು ಅಂದಾಜು ಮಾಡುವ ಕೆಲಸಕ್ಕೆ ನಾನು ಇಳಿದಾಗ ಮೊದಲು ಮನಸ್ಸಿಗೆ ನಾಟಿದ್ದು ಇದೇ.

ಭೌತವಿಜ್ಞಾನ ಕಲಿಸುವವನೆಂಬ ಕಾರಣಕ್ಕೆ, ಹಳ್ಳಿಗಳ ವಿಪತ್ತು ನಿರ್ವಹಣಾ ಯೋಜನೆ ಬರೆಯುತ್ತಿದ್ದ ಸ್ನೇಹಿತರು ಸಿಡಿಲಿನ ಅಧ್ಯಾಯವನ್ನು ನನಗೆ ವಹಿಸಿದ್ದರು. ಕೆಲಸ ಸುಲಭವೆಂದು ನಾನು ಭಾವಿಸಿದ್ದೆ. ಉಪಗ್ರಹಗಳು ಎಣಿಸಿದ ಮಿಂಚಿನ ಸಾಂದ್ರತೆಯ ನಕ್ಷೆಯನ್ನು ಇಳಿಸಿಕೊಂಡು, ಅದರ ಮೇಲೆ ಹಳ್ಳಿಗಳ ಗಡಿ ಹಾಕಿ, ಹೆಚ್ಚು ಮಿಂಚುವ ಕಡೆ ಕೆಂಪು, ಕಡಿಮೆ ಮಿಂಚುವ ಕಡೆ ಹಸಿರು ಬಳಿದು ಒಪ್ಪಿಸಿದರೆ ಮುಗಿಯಿತು ಎಂದುಕೊಂಡೆ, ಹಾಗೆಯೇ ಮಾಡಿದೆ ಕೂಡ. ಆ ನಕ್ಷೆಯನ್ನು ಒಂದು ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಹರಡಿ ಕೂತಾಗ ಊರವರು ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಒಬ್ಬ ಅಜ್ಜ, “ಇದರಾಗ ನಮ್ಮ ಮಂದಿ ಸತ್ತ ಜಾಗ ಒಂದೂ ಕೆಂಪಿಲ್ಲಲ್ರಿ” ಎಂದರು. ಅವರ ಮಾತು ನಿಜವಾಗಿತ್ತು. ಹತ್ತಾರು ಕಿಲೋಮೀಟರಿಗೊಂದು ಚೌಕದಂತೆ ಬಿಡಿಸಿದ ನಕ್ಷೆ ಅಕ್ಕಪಕ್ಕದ ಎರಡು ಊರುಗಳ ನಡುವೆ ಯಾವ ವ್ಯತ್ಯಾಸವನ್ನೂ ಹೇಳಲಾರದು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಅದು ಎಣಿಸಿದ್ದು ಮಿಂಚನ್ನು. ಊರವರು ಕೇಳುತ್ತಿದ್ದುದು ಸಿಡಿಲನ್ನು.

ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿರುವುದು ಎಷ್ಟು ಉಪಯುಕ್ತವೆಂದು ನನಗೆ ಮನವರಿಕೆಯಾದದ್ದು ಆಮೇಲೆ. ಮೋಡದಲ್ಲಿ ಹೊಳೆಯುವುದು ಮಿಂಚು, ಕೇಳುವುದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಉಷ್ಣವಲಯದ ಮೋಡಗಳಲ್ಲಿ ಬಹುಪಾಲು ಮಿಂಚು ಮೋಡದೊಳಗೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ನೆಲಕ್ಕಿಳಿಯುವುದು ಅದರಲ್ಲೊಂದು ಭಾಗ ಮಾತ್ರ. ಉಷ್ಣವಲಯದ ಮಳೆಯನ್ನು ಅಳೆಯಲೆಂದು 1997ರಿಂದ 2015ರವರೆಗೆ ಭೂಮಿಯನ್ನು ಸುತ್ತಿದ ಟಿಆರ್‌ಎಂಎಂ ಉಪಗ್ರಹದ ಮಿಂಚುದರ್ಶಕವು ಈ ಎರಡನ್ನೂ ಒಟ್ಟಿಗೆ ಎಣಿಸುತ್ತಿತ್ತು. ಅಲ್ಲದೆ ಪ್ರತಿ ಸುತ್ತಿನಲ್ಲಿ ಒಂದು ಜಾಗವನ್ನು ಅದು ನೋಡುತ್ತಿದ್ದುದು ಸುಮಾರು ಒಂದೂವರೆ ನಿಮಿಷ ಮಾತ್ರ. ಹಲವು ವರ್ಷಗಳ ನೋಟವನ್ನು ಕೂಡಿಸಿದ ಮೇಲೆಯೇ ಅದರಿಂದ ನಂಬಲರ್ಹವಾದ ಸರಾಸರಿ ಸಿಗುತ್ತದೆ. ನೆಲದ ಮೇಲಿನ ಸಂವೇದಕಗಳ ಜಾಲ ಬೇರೆ ಬಗೆಯದು: ಪ್ರತಿ ಮಿಂಚು ಹೊಮ್ಮಿಸುವ ರೇಡಿಯೊ ಅಲೆ ಬೇರೆ ಬೇರೆ ಕೇಂದ್ರಗಳನ್ನು ತಲುಪಿದ ಸಮಯದ ಅಂತರದಿಂದ ಅದು ಬಡಿದ ಜಾಗವನ್ನು ಗುರುತಿಸುತ್ತದೆ, ಮೋಡದೊಳಗಿನದ್ದೋ ನೆಲಕ್ಕಿಳಿದದ್ದೋ ಎಂಬುದನ್ನೂ ಬಹುಮಟ್ಟಿಗೆ ಬೇರ್ಪಡಿಸುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಎರಡೂ ಇಂತಹ ಸಂವೇದಕಗಳನ್ನು ಆಧರಿಸಿವೆ. ಹಳ್ಳಿಯ ಮಟ್ಟದ ಅಂದಾಜಿಗೆ ಬೇಕಾದದ್ದು ಈ ಎರಡನೆಯ ಬಗೆಯ ಮಾಹಿತಿ: ಒಂದು ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ ನೆಲಕ್ಕೆ ಬಡಿಯುವ ಸಿಡಿಲು ಎಷ್ಟು ಎಂಬ ಸಂಖ್ಯೆ.

ಆ ಸಂಖ್ಯೆ ಸಿಕ್ಕಿದ ಮೇಲೆ ಮಾಡಬೇಕಾದ ಲೆಕ್ಕ ಕಷ್ಟದ್ದಲ್ಲ. ಕಟ್ಟಡಗಳ ಸಿಡಿಲು ರಕ್ಷಣೆಗಾಗಿ ಇರುವ ಐಇಸಿ 62305 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ಭಾರತವೂ ಅಳವಡಿಸಿಕೊಂಡಿದೆ. ಅದರ ಪ್ರಕಾರ, ಬಯಲಿನಲ್ಲಿ ಒಂಟಿಯಾಗಿ ನಿಂತ ವಸ್ತುವೊಂದು ತನ್ನ ಎತ್ತರದ ಮೂರು ಪಟ್ಟು ತ್ರಿಜ್ಯದ ವೃತ್ತದೊಳಗೆ ಬೀಳಬಹುದಾದ ಸಿಡಿಲನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂದು ಭಾವಿಸಬಹುದು. 15 ಮೀಟರ್ ಎತ್ತರದ ಬೇವಿನ ಮರಕ್ಕೆ ಈ ತ್ರಿಜ್ಯ 45 ಮೀಟರ್ ಆಗುತ್ತದೆ, ವಿಸ್ತೀರ್ಣ ಸುಮಾರು 6,360 ಚದರ ಮೀಟರ್. 1.6 ಮೀಟರ್ ಎತ್ತರದ ಹೆಣ್ಣುಮಗಳೊಬ್ಬಳು ಬಯಲಿನಲ್ಲಿ ನಿಂತರೆ ತ್ರಿಜ್ಯ 4.8 ಮೀಟರ್, ವಿಸ್ತೀರ್ಣ 72 ಚದರ ಮೀಟರ್. ಅಂದರೆ ಬಯಲಿನಿಂದ ಓಡಿಬಂದು ಮರದ ಕೆಳಗೆ ಸೇರಿಕೊಂಡ ಗಳಿಗೆಯಲ್ಲಿ ಆಕೆ ತನ್ನ ತಲೆಗಿಂತ ಸುಮಾರು 88 ಪಟ್ಟು ಹೆಚ್ಚು ಸಿಡಿಲನ್ನು ಕರೆಯುವ ಒಂದು ಕಂಬದ ಬುಡದಲ್ಲಿ ನಿಂತಂತಾಯಿತು. ಎತ್ತರ ಸುಮಾರು ಒಂಬತ್ತು ಪಟ್ಟಾದರೆ ಅಪಾಯ ಅದರ ವರ್ಗದಷ್ಟು ಏರುತ್ತದೆ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಬರೆದು ತೋರಿಸಿದ್ದ ನನಗೆ, ಆ ಬೇವಿನ ಮರದ ಗಾಯವನ್ನು ಕೈಯಿಂದ ಮುಟ್ಟಿದ ಮೇಲೆ ಆ ವರ್ಗದ ಅರ್ಥವೇ ಬೇರೆಯಾಗಿ ಕಂಡಿತು.

ಲೆಕ್ಕಕ್ಕಾಗಿ ಒಂದು ಊರಿನ ಸೀಮೆಯಲ್ಲಿ ಚದರ ಕಿಲೋಮೀಟರಿಗೆ ವರ್ಷಕ್ಕೆ ಎರಡು ಸಿಡಿಲು ನೆಲಕ್ಕಿಳಿಯುತ್ತವೆ ಎಂದು ಇಟ್ಟುಕೊಳ್ಳೋಣ. ಆಗ ಅಂತಹ ಒಂದು ಮರಕ್ಕೆ ಸುಮಾರು 80 ವರ್ಷಕ್ಕೊಮ್ಮೆ ಸಿಡಿಲು ಬಡಿಯಬೇಕು. ಸೀಮೆಯಲ್ಲಿ ಐವತ್ತು ಒಂಟಿ ಮರಗಳಿದ್ದರೆ ಹತ್ತು ವರ್ಷಗಳಲ್ಲಿ ಆರು ಮರಗಳಿಗಾದರೂ ಬಡಿದಿರಬೇಕು. ಅದೇ ಊರಿನಲ್ಲಿ 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಒಂದು ಮನೆಗೆ ಐನೂರು ವರ್ಷಕ್ಕೊಮ್ಮೆ. ಈ ಲೆಕ್ಕವನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಾಗುವುದಿಲ್ಲ. ಊರವರ ಜೊತೆ ಬದು ಹಿಡಿದು ನಡೆದು, ನೆತ್ತಿ ಒಣಗಿದ ಮರ, ತೊಗಟೆ ಸುಲಿದ ಮರ, ಸಿಡಿಲು ಬಿದ್ದು ಕಡಿದುಹಾಕಿದ ಮರ ಎಲ್ಲಿತ್ತು ಎಂದು ಕೇಳಿದರೆ ಸಾಕು. ಸಿಡಿಲು ಬಡಿದ ಮರವನ್ನು ನಮ್ಮ ಮಂದಿ ಮರೆಯುವುದಿಲ್ಲ; ಯಾರ ಹೊಲ, ಯಾವ ಮಳೆ, ಆ ವರ್ಷ ಏನು ಬಿತ್ತಿದ್ದರು ಎಂಬುದರ ಸಮೇತ ಹೇಳುತ್ತಾರೆ. ದಿನಾಂಕ ಗೊತ್ತಿರುವುದಿಲ್ಲ, ಆದರೆ ಅಶ್ವಿನಿಯೋ ಭರಣಿಯೋ ಕೃತ್ತಿಕೆಯೋ ಎಂಬುದು ಖಚಿತವಾಗಿ ಗೊತ್ತಿರುತ್ತದೆ, ಅಂದರೆ ಹದಿನಾಲ್ಕು ದಿನಗಳ ಅಂತರದೊಳಗೆ ಕಾಲ ಗೊತ್ತಾಯಿತು ಎಂದೇ ಅರ್ಥ. ಈ ನೆನಪನ್ನು ಮಾಹಿತಿಯೆಂದು ಒಪ್ಪಿಕೊಳ್ಳದ ಅಧ್ಯಯನಗಳ ಬಗ್ಗೆ ನನಗೆ ಬೇಸರವಿದೆ.

ಆದರೆ ಅದೇ ಮಾನದಂಡವನ್ನು ನಮ್ಮ ಹಳ್ಳಿಗೆ ಹಾಗೆಯೇ ತಂದರೆ ದೊಡ್ಡ ಭಾಗವೊಂದು ಕೈತಪ್ಪುತ್ತದೆ. ಅದು ಬರೆದಿರುವುದು ಕಟ್ಟಡಕ್ಕಾಗಿ. ಕಟ್ಟಡದೊಳಗಿನ ಜನ, ಮತ್ತು ಗೋಡೆಯಿಂದ ಹೊರಗೆ 3 ಮೀಟರಿನವರೆಗೆ ಇರುವ ಜನ, ಇಷ್ಟಕ್ಕೆ ಅದರ ಲೆಕ್ಕ ನಿಲ್ಲುತ್ತದೆ. ನಮ್ಮಲ್ಲಿ ಸಾಯುವವರು ಆ ಮೂರು ಮೀಟರಿನ ಆಚೆ ಇರುವವರು. ಮಾನದಂಡವು ಜೀವಹಾನಿಗೆ ಸಹಿಸಬಹುದಾದ ಮಿತಿಯೆಂದು ವರ್ಷಕ್ಕೆ ಲಕ್ಷದಲ್ಲಿ ಒಂದು ಎಂಬ ಪ್ರಮಾಣವನ್ನು ಇಟ್ಟಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ನೈಸರ್ಗಿಕ ಕಾರಣಗಳಿಂದ ಸತ್ತ 8,060 ಮಂದಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇದೊಂದರದೇ. ಹಿಂದಿನ ವರ್ಷ 2,880. ದೇಶದ ಜನಸಂಖ್ಯೆಗೆ ಭಾಗಿಸಿದರೆ ಹತ್ತು ಲಕ್ಷಕ್ಕೆ ಇಬ್ಬರು ಎಂದಾಗುತ್ತದೆ, ಅಂದರೆ ಮಿತಿಯ ಐದರಲ್ಲೊಂದು ಭಾಗ. ಚಿಂತೆಯಿಲ್ಲ ಎಂದು ಇಲ್ಲಿಯೇ ನಿಲ್ಲಬಹುದು, ಎಷ್ಟೋ ವರದಿಗಳು ಇಲ್ಲಿಯೇ ನಿಲ್ಲುತ್ತವೆ.

ಈಗ ಮೂರು ಲಕ್ಷ ಜನರಿರುವ ಒಂದು ತಾಲೂಕನ್ನು ತೆಗೆದುಕೊಳ್ಳಿ. ರಾಷ್ಟ್ರೀಯ ಸರಾಸರಿಯಂತೆಯೇ ಅಲ್ಲಿ ವರ್ಷಕ್ಕೆ 0.6, ಐದು ವರ್ಷಕ್ಕೆ ಮೂರು ಸಾವು ಆಗಬೇಕು. ಆ ಸಾವುಗಳು ಮೂರು ಲಕ್ಷ ಜನರಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಪೇಟೆಯ ಅಂಗಡಿಕಾರ, ಕಚೇರಿಯ ಗುಮಾಸ್ತ, ಆರ್‌ಸಿಸಿ ಮನೆಯಲ್ಲಿರುವ ನಾನು ಇವರ ಪಾಲಿಗೆ ಬರುವುದು ಸೊನ್ನೆಗೆ ಸಮೀಪ. ಮಳೆ ಕಟ್ಟುವ ಹೊತ್ತಿಗೆ ಬಯಲಿನಲ್ಲಿರುವವರು ಅರವತ್ತು ಸಾವಿರ ಜನ ಎಂದು ಇಟ್ಟುಕೊಂಡು ಎಲ್ಲ ಸಾವನ್ನೂ ಅವರ ಪಾಲಿಗೆ ಹಾಕಿದರೆ, ಅವರ ಅಪಾಯ ಸರಿಯಾಗಿ ಲಕ್ಷಕ್ಕೆ ಒಂದು, ಮಿತಿಯ ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ. ಆ ಅರವತ್ತು ಸಾವಿರದೊಳಗೆ ಕುರಿಗಾಹಿಗಳನ್ನು ಮಾತ್ರ ಬೇರ್ಪಡಿಸಿದರೆ ಗೆರೆ ದಾಟುತ್ತದೆ. ಸರಾಸರಿ ಎಂಬುದು ಕುರಿಗಾಹಿಯ ಅಪಾಯವನ್ನು ನನ್ನ ಸುರಕ್ಷತೆಯೊಳಗೆ ಕರಗಿಸಿ ಮುಚ್ಚಿಹಾಕುತ್ತದೆ. ಪ್ರದೇಶದ ಅಂದಾಜು ಮಾಡುವವರು ಮೊದಲು ಬಿಡಿಸಬೇಕಾದದ್ದು ಈ ಗಂಟನ್ನು. ಇಷ್ಟು ಕಡಿಮೆ ಸಂಖ್ಯೆಗಳಲ್ಲಿ ಒಂದು ವರ್ಷದ ಏರಿಳಿತಕ್ಕೆ ಬೆಲೆಯಿಲ್ಲ ಎಂಬುದನ್ನೂ ಹೇಳಬೇಕು. ಒಂದೇ ಸಂಜೆ ಮೂವರು ಸತ್ತ ತಾಲೂಕು ಆ ವರ್ಷ ಪತ್ರಿಕೆಯಲ್ಲಿ ‘ಅಪಾಯಕಾರಿ’ ಎನಿಸಿಕೊಳ್ಳುತ್ತದೆ, ಪಕ್ಕದ್ದು ಸುರಕ್ಷಿತವೆನಿಸುತ್ತದೆ. ಹತ್ತು ಹದಿನೈದು ವರ್ಷಗಳ ಕಡತ ನೋಡದೆ ಇಂತಹ ತೀರ್ಮಾನಕ್ಕೆ ಬರಬಾರದು.

ಕಡತ ಎಂದರೆ ಏನು? ಸಾವಾದರೆ ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ, ಮರಣೋತ್ತರ ಪರೀಕ್ಷೆಯಾಗುತ್ತದೆ, ಪಂಚನಾಮೆಯಾಗುತ್ತದೆ, ಪರಿಹಾರದ ಅರ್ಜಿ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ದನಕರು ಸತ್ತರೆ ಪಶುವೈದ್ಯರ ಪ್ರಮಾಣಪತ್ರ ಇರುತ್ತದೆ. ಹೀಗಾಗಿ ಸಾವಿನ ಲೆಕ್ಕ ಒಂದು ಮಟ್ಟಿಗೆ ಸಿಗುತ್ತದೆ, ಜಾನುವಾರುಗಳದ್ದೂ ಸಿಗುತ್ತದೆ. ಬದುಕಿ ಉಳಿದು ಕಿವಿ, ನೆನಪು, ದುಡಿಯುವ ಶಕ್ತಿ ಕಳೆದುಕೊಂಡವರದ್ದು ಸಿಗುವುದಿಲ್ಲ. ಸಿಡಿಲಿನ ಆಘಾತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಬದುಕುತ್ತಾರೆ ಎಂಬುದು ವೈದ್ಯರು ಒಪ್ಪುವ ಮಾತು. ಹಾಗಿದ್ದ ಮೇಲೆ ನಮ್ಮ ಅಂದಾಜಿನಲ್ಲಿ ದೊಡ್ಡ ಪಾಲು ಜನ ಕಾಣುತ್ತಲೇ ಇಲ್ಲ. ನಾನು ಊರಿಂದ ಊರಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆಯನ್ನು ಬದಲಿಸಿಕೊಂಡೆ. ‘ಸಿಡಿಲಿಗೆ ಯಾರಾದರೂ ಸತ್ತಿದ್ದಾರೆಯೇ’ ಎಂದು ಕೇಳುವ ಬದಲು ‘ಸಿಡಿಲು ಹೊಡೆದು ಉಳಿದವರು ಯಾರಿದ್ದಾರೆ’ ಎಂದು ಕೇಳತೊಡಗಿದೆ. ಆಗ ಮನೆಯೊಳಗಿನಿಂದ ಜನ ಎದ್ದು ಬಂದರು.

ಅವರ ಮಾತಿನಿಂದ ತಿಳಿದದ್ದು ವೈದ್ಯಕೀಯ ಅಂದಾಜಿಗೆ ಹೊಂದುತ್ತದೆ. ಸಿಡಿಲು ನೇರವಾಗಿ ತಲೆಗೆ ಬಡಿಯುವುದು ಅಪರೂಪ, ನೂರರಲ್ಲಿ ಐದರ ಒಳಗೆ. ಸುಮಾರು ಅರ್ಧದಷ್ಟು ಜನರಿಗೆ ತಗಲುವುದು ನೆಲದಲ್ಲಿ ಹರಿದುಬಂದ ವಿದ್ಯುತ್ತು, ಮೂರರಲ್ಲೊಂದು ಪಾಲಿಗೆ ಮರದಿಂದಲೋ ಕಂಬದಿಂದಲೋ ಪಕ್ಕಕ್ಕೆ ಚಿಮ್ಮಿದ್ದು. ಸುಮಾರು 30,000 ಆಂಪಿಯರ್ ಪ್ರವಾಹ ಮರದ ಬುಡದಿಂದ ನೆಲದಲ್ಲಿ ಹರಡುವಾಗ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಸಾವಿರಾರು ವೋಲ್ಟಿನ ಅಂತರ ಏರ್ಪಡುತ್ತದೆ. ಮನುಷ್ಯನಲ್ಲಿ ಅದು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕುರಿ, ಎತ್ತುಗಳಲ್ಲಿ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಹೃದಯ ಸರಿಯಾಗಿ ಆ ದಾರಿಯ ನಡುವೆ. ಮರದ ಕೆಳಗೆ ಹಿಂಡಿಗೆ ಹಿಂಡೇ ಸತ್ತುಬಿದ್ದು, ಪಕ್ಕದಲ್ಲಿದ್ದ ಕುರಿಗಾಹಿ ಉಳಿದುಕೊಂಡ ಸುದ್ದಿಗಳ ಹಿಂದಿರುವ ಕಾರಣ ಇದು.

ಕುರಿಗಾಹಿಗಳ ಮಾತು ಬಂದದ್ದರಿಂದ ಅವರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಏಪ್ರಿಲ್‌, ಮೇ ತಿಂಗಳಲ್ಲಿ ಜೋಳ, ಕಡಲೆ, ತೊಗರಿ ಎಲ್ಲ ಮುಗಿದು ಹೊಲ ಖಾಲಿಯಾಗಿರುತ್ತದೆ. ಗೊಬ್ಬರಕ್ಕಾಗಿ ರೈತರು ಕುರಿ ಹಟ್ಟಿ ಹಾಕಿಸುತ್ತಾರೆ. ನೂರಾರು ಕುರಿಗಳ ಹಿಂಡು ಹಗಲೂ ರಾತ್ರಿ ತೆರೆದ ಬಯಲಿನಲ್ಲಿಯೇ ಇರುತ್ತದೆ, ಕಾಯುವವರೂ ಅಲ್ಲಿಯೇ ಇರುತ್ತಾರೆ. ಮುಂಗಾರಿಗೆ ಮುಂಚಿನ ಅಡ್ಡಮಳೆಗಳು ಅತಿ ಹೆಚ್ಚು ಸಿಡಿಲು ತರುವುದು ಅದೇ ಎರಡು ತಿಂಗಳಲ್ಲಿ. ಬೆಳಗಿನಿಂದ ಕಾದ ನೆಲದ ಗಾಳಿ ಮೇಲೇರಿ, ಮಧ್ಯಾಹ್ನ ಮೂರರಿಂದ ಸಂಜೆ ಏಳರೊಳಗೆ ಮೋಡ ಕೋಟೆ ಕಟ್ಟಿದಂತೆ ಎದ್ದು ನಿಲ್ಲುತ್ತದೆ. ಜೂನ್ ಕಳೆದು ಮುಂಗಾರು ನೆಲೆಯೂರಿದ ಮೇಲೆ ಮಳೆ ಇರುತ್ತದೆ, ಸಿಡಿಲು ಅಷ್ಟಿರುವುದಿಲ್ಲ. ಹಿಂಡಿನ ಜೊತೆಗಿದ್ದ ಹಿರಿಯರೊಬ್ಬರಿಗೆ, ಗುಡುಗು ಕೇಳಿದ ಕೂಡಲೇ ಊರೊಳಗೆ ಬಂದುಬಿಡಿ ಎಂದು ನಾನು ಹೇಳಿದಾಗ ಅವರು ಸಿಟ್ಟಾಗಲಿಲ್ಲ, ತಾಳ್ಮೆಯಿಂದಲೇ ಉತ್ತರ ಕೊಟ್ಟರು: “ಮಳಿ ಬಂತಂದ್ರ ಕುರಿ ಎಲ್ಲಾ ಒಂದ ಕಡಿ ಒತ್ತಿಕೊಂಡ ನಿಂದರತಾವ್ರಿ ಸರ. ಅವನ್ನ ಬಿಟ್ಟ ನಾ ಎಲ್ಲಿ ಹೋಗ್ಲಿ? ನನ್ನ ಮನಿ ಇಲ್ಲಿಂದ ಮೂರ ದಿನದ ಹಾದಿ.” ಆ ದಿನ ನಾನು ಮನೆಗೆ ಬಂದು ನನ್ನ ಅಧ್ಯಾಯದಲ್ಲಿದ್ದ ‘ಮಾಡಿ, ಮಾಡಬೇಡಿ’ ಪಟ್ಟಿಯನ್ನು ತೆಗೆದುಹಾಕಿದೆ.

ಅದರ ಜಾಗದಲ್ಲಿ ನಾವು ಒಂದು ಪ್ರಶ್ನೆಯನ್ನು ಬರೆದೆವು: ಅಶ್ವಿನಿಯಿಂದ ರೋಹಿಣಿಯವರೆಗೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಈ ಊರಿನ ಸೀಮೆಯಲ್ಲಿ ಯಾರು ಎಲ್ಲಿರುತ್ತಾರೆ, ಮತ್ತು ಹತ್ತು ನಿಮಿಷದಲ್ಲಿ ಅವರು ಎಲ್ಲಿಗೆ ತಲುಪಬಲ್ಲರು? ಪಂಚಾಯಿತಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ, ಒಬ್ಬೊಬ್ಬರಿಗೆ ಒಂದೊಂದು ಹಿಡಿ ಜೋಳದ ಕಾಳು ಕೊಟ್ಟು, ಇರುವ ಜಾಗದಲ್ಲಿ ಇಡಲು ಹೇಳಿದೆವು. ಉದ್ಯೋಗ ಖಾತ್ರಿಯ ಕೆಲಸಗಾರರು ಬೇಸಿಗೆಯಲ್ಲಿ ನಸುಕಿಗೇ ಹೋಗಿ ಮಧ್ಯಾಹ್ನದೊಳಗೆ ಮರಳುತ್ತಾರೆ, ಅವರ ಕಾಳುಗಳೆಲ್ಲ ಊರೊಳಗೇ ಬಿದ್ದವು. ಇಂಡಿ ಕಡೆಯ ಊರಿನಲ್ಲಿ ಕಾಳುಗಳು ನಿಂಬೆ ತೋಟದಲ್ಲಿ ಗುಂಪಾದವು, ಬೇಸಿಗೆಯಲ್ಲಿ ನಿಂಬೆಗೆ ಬೆಲೆ ಇರುವುದರಿಂದ ಆಗ ಕೀಳುವವರು ಹೆಚ್ಚು. ಹೆಣ್ಣುಮಕ್ಕಳ ಕಾಳುಗಳು ಹೊಲದಲ್ಲಿದ್ದವು. ಅವರು ಟಂಟಂ ಹತ್ತಿ ಗುಂಪಾಗಿ ಹೋಗುವವರು, ಗಾಡಿ ಸಂಜೆ ಬರುವವರೆಗೆ ತಾವಾಗಿ ಮರಳಲಾರರು. ಅವರಲ್ಲಿ ಬಹಳ ಮಂದಿಯ ಕೈಯಲ್ಲಿ ಫೋನ್ ಇಲ್ಲ. ‘ದಾಮಿನಿ’ ಇಪ್ಪತ್ತು, ನಲವತ್ತು ಕಿಲೋಮೀಟರ್ ತ್ರಿಜ್ಯದೊಳಗೆ ಮಿಂಚು ಸಮೀಪಿಸುವುದನ್ನು ತಿಳಿಸುತ್ತದೆ, ಆದರೆ ಆ ತಿಳಿವಳಿಕೆ ಗಾಡಿ ಓಡಿಸುವವನ ಜೇಬಿನಲ್ಲಿ ಪೇಟೆಯಲ್ಲಿರುತ್ತದೆ. ಮೊಬೈಲ್ ಇದ್ದರೆ ಸಿಡಿಲು ಎಳೆಯುತ್ತದೆ ಎಂಬ ತಪ್ಪು ನಂಬಿಕೆಯಿಂದ ಇದ್ದವರೂ ಅದನ್ನು ಬಂದ್ ಮಾಡಿಡುತ್ತಾರೆ.

ಅಂಗಳದ ಮೇಲಿನ ಈ ನಕ್ಷೆಯೇ ನಮ್ಮ ಅಂದಾಜಿನ ಮುಖ್ಯ ಹಾಳೆಯಾಯಿತು. ಉಪಗ್ರಹದ ನಕ್ಷೆ ಅನುಬಂಧಕ್ಕೆ ಹೋಯಿತು. ಎರಡು ಊರುಗಳಿಗೆ ಬೀಳುವ ಸಿಡಿಲು ಒಂದೇ ಸಮನಾಗಿದ್ದರೂ, ಒಂದರಲ್ಲಿ ಹೊಲಗಳು ಊರಿಗೆ ಅಂಟಿಕೊಂಡಿದ್ದರೆ, ಇನ್ನೊಂದರಲ್ಲಿ ಹಳ್ಳದಾಚೆ ಐದು ಕಿಲೋಮೀಟರ್ ದೂರವಿದ್ದರೆ, ಎರಡನೆಯದರ ಅಪಾಯ ಹೆಚ್ಚು. ಹೊಲದಲ್ಲಿರುವ ಪತ್ರಾಸ್ ಶೆಡ್ಡುಗಳನ್ನು ಊರವರು ಆಶ್ರಯವೆಂದೇ ಎಣಿಸಿದ್ದರು. ಕಟ್ಟಿಗೆಯ ಕಂಬದ ಮೇಲೆ ತಗಡು ಹೊದಿಸಿ, ನೆಲಕ್ಕೆ ಯಾವ ತಂತಿಯನ್ನೂ ಇಳಿಸದ ಶೆಡ್ಡಿನಲ್ಲಿ ಸಿಡಿಲಿನ ಪ್ರವಾಹ ತಗಡಿನಿಂದ ಒಳಗಿರುವವರ ಮೈಗೇ ಚಿಮ್ಮಬಹುದು ಎಂದು ವಿವರಿಸಿದ ಮೇಲೆ ಆ ಗುರುತುಗಳನ್ನು ಅವರೇ ಅಳಿಸಿದರು. ಅಳಿಸಿದ ಮೇಲೆ ನೋಡಿದರೆ ಇಡೀ ಸೀಮೆಯಲ್ಲಿ ಉಳಿದ ಸುರಕ್ಷಿತ ಜಾಗ ಶಾಲೆ, ಎರಡು ದೇವಸ್ಥಾನ, ಊರಿನ ಮನೆಗಳು ಇಷ್ಟೇ.

ಶಾಲೆಗೆ ಸಿಡಿಲು ರಕ್ಷಕ ಕೂರಿಸಬೇಕೆಂಬ ಸಲಹೆ ಸಹಜವಾಗಿಯೇ ಬಂತು. ಅದರ ಬಗ್ಗೆ ಒಂದು ಮಾತು: ಎರೆಮಣ್ಣು ಒದ್ದೆಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹರಡುತ್ತದೆ, ಆದರೆ ಮೇ ತಿಂಗಳಲ್ಲಿ ಅದು ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಟ್ಟು, ಭೂಸಂಪರ್ಕದ (ಅರ್ಥಿಂಗ್) ಸರಳಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಅಳೆದು ಸರಿಯಿದೆ ಎಂದು ಬರೆದ ಭೂಸಂಪರ್ಕ, ಬೇಕಾದ ತಿಂಗಳಲ್ಲಿ ಸರಿಯಿರುವುದಿಲ್ಲ. ಅಳೆಯುವುದಾದರೆ ಏಪ್ರಿಲ್‌ನಲ್ಲಿ ಅಳೆಯಬೇಕು. ಕರಾವಳಿಯ ಜಂಬಿಟ್ಟಿಗೆಯ ನೆಲದ ತೊಂದರೆ ಬೇರೆ, ಅಲ್ಲಿ ಸಿಡಿಲಿನ ಕಾಲವೂ ಬೇರೆ. ಅಲ್ಲಿನವರು ಅಕ್ಟೋಬರಿನ ಸಂಜೆಗಳಿಗೆ ಹೆಚ್ಚು ಅಂಜುತ್ತಾರೆ. ಹಾಗಾಗಿ ಒಂದು ಪ್ರದೇಶಕ್ಕೆ ಮಾಡಿದ ಅಂದಾಜನ್ನು ಇಡೀ ರಾಜ್ಯಕ್ಕೆ ಹೊದಿಸಬಾರದು ಎಂದೇ ನನ್ನ ಅಭಿಪ್ರಾಯ.

ಸಿಡಿಲಿಗೆ ಬಿದ್ದವರನ್ನು ಮುಟ್ಟಬಾರದು ಎಂಬ ಹೆದರಿಕೆಯನ್ನೂ ನಾವು ಅಪಾಯದ ಭಾಗವೆಂದೇ ಬರೆದುಕೊಂಡೆವು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಹೃದಯವೂ ಉಸಿರೂ ಒಟ್ಟಿಗೆ ನಿಂತಿರಬಹುದು. ಹೃದಯ ಎಷ್ಟೋ ಸಲ ತಾನಾಗಿಯೇ ಮತ್ತೆ ಬಡಿಯತೊಡಗುತ್ತದೆ, ಉಸಿರಾಟ ಮರಳಲು ತಡವಾಗುತ್ತದೆ. ಆ ನಡುವಿನ ಕೆಲವು ನಿಮಿಷ ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರೆ ಜೀವ ಉಳಿಯಬಹುದು. ಬೇವಿನ ಮರದ ಕೆಳಗೆ ಬಿದ್ದ ಆ ತಾಯಿಯನ್ನು ಟಂಟಂ ಬರುವವರೆಗೆ ಯಾರೂ ಮುಟ್ಟಿರಲಿಲ್ಲ ಎಂದು ಉಳಿದವರು ಹೇಳಿದಾಗ, ಗುಡುಗಿದರೆ ‘ಅರ್ಜುನ, ಅರ್ಜುನ’ ಎಂದು ಮಕ್ಕಳಿಗೆ ಹೇಳಿಕೊಡುವ ನಮ್ಮ ಮನೆಗಳಲ್ಲಿ ಇದನ್ನೂ ಹೇಳಿಕೊಡಬಾರದಿತ್ತೇ ಎನಿಸಿತು.

ಈ ಬೇಸಿಗೆಗೆ ಮೂರು ಕೆಲಸಗಳನ್ನು ಊರವರು ಒಪ್ಪಿಕೊಂಡಿದ್ದಾರೆ. ಹೊಲಕ್ಕೆ ಹೋಗುವ ಪ್ರತಿ ಗುಂಪಿನಲ್ಲಿ ಒಬ್ಬರ ಬಳಿ ಫೋನ್ ಇರಬೇಕು, ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ, ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ ಎಂದಾದರೆ, ಕೂಲಿ ಕಡಿಯದೆ ಗಾಡಿ ಕರೆಸಬೇಕು. ಕೂಲಿಯ ಮಾತನ್ನು ಸೇರಿಸಿದ್ದು ಹೆಣ್ಣುಮಕ್ಕಳು. ಅದಿಲ್ಲದೆ ಉಳಿದದ್ದು ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಶಾಲೆಯ ಭೂಸಂಪರ್ಕವನ್ನು ಅಶ್ವಿನಿ ಮಳೆಗೆ ಮೊದಲು ಅಳೆಯಬೇಕು. ಮೂರನೆಯದು ಹಟ್ಟಿಯದು. ಒಂಟಿ ಮರದಿಂದ ನೂರು ಮೀಟರಾದರೂ ದೂರ, ದಿಬ್ಬ ಬಿಟ್ಟು ತಗ್ಗಿನ ಹೊಲದಲ್ಲಿ, ಕುರಿಗಳನ್ನು ಒಂದೇ ಗುಂಪಾಗಿ ಕೂಡದೆ ಮೂರು ನಾಲ್ಕು ಕಡೆ ಬೇರೆ ಬೇರೆ ಹಟ್ಟಿ ಹಾಕಿಸುವುದೆಂದು ಹೊಲದ ಒಡೆಯರು ಮಾತು ಕೊಟ್ಟಿದ್ದಾರೆ. ಆ ಹಿರಿಯ ಕುರಿಗಾಹಿಗೆ ಇದನ್ನು ಹೇಳಿದೆ. ಕುರಿಗೆ ಆಯಿತು, ತಾನು ಎಲ್ಲಿ ನಿಲ್ಲಬೇಕು ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಅಧ್ಯಾಯದ ಕೊನೆಯ ಸಾಲಾಗಿ ಹಾಗೆಯೇ ಬರೆದಿಟ್ಟಿದ್ದೇನೆ.